ಸಾಕು ಎನ್ನದ ಕನ್ನಡಿ

ಬಳ್ಳಾರಿ
ಎರಡನೇ ಬೇಸಿಗೆಯ ಒಂಬತ್ತನೇ ದಿನ, 2194

ಹಿಂದಿನವರೇ,

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥದೊಂದು ದಿನ ಇಲ್ಲವೆಂದು ಬಲ್ಲೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ದೀಪಾವಳಿಯ ಹಣತೆ ಆರಿದ ಮೇಲೆ ಬರುವುದನ್ನು ಎರಡನೆಯದು ಎನ್ನುತ್ತೇವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ, ಕೆಲವು ಹುಚ್ಚಾಗಿಯೂ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಿಮ್ಮ ಮಾತುಗಳೂ ನನಗೆ ಹಾಗೆಯೇ ಕೇಳಿಸುತ್ತವೆ. ನೀವು ಚರ್ಮದ ‘ಆರೈಕೆ’ ಎಂದು ಬರೆದದ್ದನ್ನು ಓದಿದಾಗಲೆಲ್ಲ, ಮೈಮೇಲಿನ ತೊಗಲು ನಿಮಗೆ ಹಾಸಿಗೆ ಹಿಡಿದ ರೋಗಿಯಂತೆ ಯಾವಾಗ ಕಂಡಿತು, ಹಾಗೆ ಕಾಣುವಂತೆ ಮಾಡಿದವರು ಯಾರು ಎಂದು ಕೇಳಬೇಕೆನಿಸುತ್ತದೆ.

ನಾನು ಹುಲಿಗೆಮ್ಮ. ನೆರಳುಬಟ್ಟೆ ಹೊಲಿಯುವವಳು. ನಿಮ್ಮ ಕಾಲಕ್ಕೆ ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದರಂತೆ. ಅದೇ ದಪ್ಪ ಸೂಜಿಗಳಲ್ಲಿ ಈಗ ನಾವು ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಕಟ್ಟುವ ಬಿಳಿಯ ಪರದೆಗಳನ್ನು ಹೊಲಿಯುತ್ತೇವೆ. ಅವಿಲ್ಲದೆ ಊರಿನಲ್ಲಿ ಹಗಲು ಹೊತ್ತು ನಡೆಯಲಾಗದು. ಹೊಲಿದದ್ದನ್ನು ಮೇಲೆ ಹತ್ತಿ ಕಟ್ಟುವವಳು ನನ್ನ ಮಗಳು ಪಂಪಾ. ಅವಳಿಗೆ ಹದಿನೇಳು. ಊರಿಗೆಲ್ಲ ನೆರಳು ಕಟ್ಟುವವರಿಗೆ ತಲೆಯ ಮೇಲೆ ನೆರಳಿಲ್ಲ. ಅದು ಈ ಕೆಲಸದ ಸ್ವಭಾವ.

ನಮ್ಮ ಎಲ್ಲ ಮನೆಗಳಲ್ಲೂ ಒಂದು ‘ಹೇಳುಗನ್ನಡಿ’ ಇದೆ. ಚರ್ಮಶ್ರೀ ಎಂಬ ಕಂಪನಿ ಪುಕ್ಕಟೆಯಾಗಿ ಕೊಟ್ಟದ್ದು. ಬೆಳಿಗ್ಗೆ ಎದುರು ನಿಂತರೆ ಅದು ಮುಖವನ್ನು ನೋಡಿ, ಈ ದಿನ ಏನೇನು ಹಚ್ಚಬೇಕು, ಯಾವುದರ ಮೇಲೆ ಯಾವುದು ಎಂದು ಹೇಳುತ್ತದೆ. ಹೇಳಿದ್ದನ್ನು ತಾನೇ ತರಿಸುತ್ತದೆ. ಮೊದಲು ತೊಳೆಯುವ ನೊರೆ, ಅದರ ಮೇಲೆ ಎಚ್ಚರಹನಿ, ಎಂದರೆ ಮಲಗಿದ ಚರ್ಮವನ್ನು ಎಬ್ಬಿಸುವ ನೀರು. ಆಮೇಲೆ ಮರೆವುಲೇಪ, ಚರ್ಮಕ್ಕೆ ತನ್ನ ವಯಸ್ಸು ಮರೆಸುವಂಥದ್ದು. ಹೊರಗೆ ಹೋಗುವವರಿಗೆ ಬಿಸಿಲುತಡೆ. ಸಂಜೆ ಮರಳಿದ ಮೇಲೆ ಸಂಜೆಹಾಲು. ಇಷ್ಟು ಎಲ್ಲರಿಗೂ. ಮುಂದಿನದು ಅವರವರ ಮುಖ, ಅವರವರ ಹಣೆಬರಹ. ನನ್ನ ತಲೆಮಾರಿನವರು ದಂತಮಂಜನ ಹಿಡಿದಷ್ಟು ಸಹಜವಾಗಿ ಈ ಬಾಟಲಿಗಳನ್ನು ಹಿಡಿದಿದ್ದೇವೆ. ಅವು ಯಾಕೆ ಎಂದು ಯಾರೂ ಕೇಳಿದ್ದಿಲ್ಲ.

ಪಂಪಾಳ ಕೆನ್ನೆ ಉರಿಯತೊಡಗಿದ್ದು ಹೋದ ವರ್ಷ. ಮೊದಲು ಮೂಗಿನ ಪಕ್ಕ ಕೆಂಪಾಯಿತು, ಆಮೇಲೆ ಈರುಳ್ಳಿ ಸಿಪ್ಪೆಯಂತೆ ಸುಲಿಯಿತು. ಕನ್ನಡಿ ತನ್ನ ಮೆತ್ತಗಿನ ದನಿಯಲ್ಲಿ, “ಗಾಬರಿಯಾಗಬೇಡ ತಂಗಿ. ಇದು ಹೊಂದಿಕೊಳ್ಳುವ ಕಾಲ. ಶಮನಹನಿ ಒಂದನ್ನು ಸೇರಿಸೋಣ,” ಎಂದಿತು. ಸೇರಿಸಿದೆವು. ಕೆಂಪು ಕುತ್ತಿಗೆಗೆ ಇಳಿಯಿತು. ಕುತ್ತಿಗೆಗೊಂದು ಬೇರೆ ಲೇಪ ಬಂತು. ಆ ಲೇಪಕ್ಕೆ ಕಣ್ಣು ಊದಿಕೊಂಡವು, ಕಣ್ಣಿಗೆ ಇನ್ನೊಂದು. ನಾನು ಬಾಗಿಲ ಬಳಿ ನಿಂತು ಇದನ್ನು ನೋಡುತ್ತಿದ್ದೆ. ಕನ್ನಡಿ ಬಂದಂದಿನಿಂದ ಅದು ‘ಇದನ್ನು ಸೇರಿಸೋಣ’ ಎಂದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ‘ಇದನ್ನು ಬಿಡೋಣ’ ಎಂದಾಗಲಿ, ‘ಸಾಕು’ ಎಂದಾಗಲಿ ಅದರ ಬಾಯಿಂದ ಒಮ್ಮೆಯೂ ಬಂದಿಲ್ಲ ಎಂಬುದು ಆಗ ಹೊಳೆಯಿತು. ಉಣ್ಣುವವನ ಹೊಟ್ಟೆ ತುಂಬಿದ್ದು ಬಡಿಸುವವನಿಗೆ ಕಾಣದಿರುತ್ತದೆಯೇ?

“ನಾಕು ದಿನ ಏನೂ ಹಚ್ಚಬ್ಯಾಡ. ನೋಡಾನು,” ಎಂದೆ.

“ಹಿಂಗ ಸುಲಿದ ಮಾರಿ ಇಟ್ಕೊಂಡು ಊರಾಗ ಓಡಾಡಲೇನು?” ಎಂದಳು. “ನಿನಗ ಎಲ್ಲಾದ್ರಾಗೂ ಹುಳಾನ ಕಾಣ್ತಾವವ್ವ. ಆ ಕನ್ನಡಿಗೆ ನನ್ನ ಮ್ಯಾಲೆ ಏನು ಹಗೆ ಐತೆ?”

ಹಗೆ ಇಲ್ಲ ಎಂದು ನಾನೂ ಒಪ್ಪಿದೆ. ಹಗೆಯಿಲ್ಲದೆಯೂ ಜನ ಹಾಳು ಮಾಡುತ್ತಾರೆ ಎಂದು ಹೇಳಲು ಹೋಗಿ ಸುಮ್ಮನಾದೆ. ಹೇಳಿದರೆ ಅವಳು ಕನ್ನಡಿಯ ಇನ್ನಷ್ಟು ಹತ್ತಿರ ಸರಿಯುತ್ತಿದ್ದಳು.

ನಮ್ಮ ಗೋಡೆಯಾಚೆಯ ಮನೆಯವಳು ಹೊನ್ನೂರ್‌ಬಿ. ಅವಳ ಕೂಸಿಗೆ ಆಗ ಐದು ತಿಂಗಳು. ಒಂದು ಬೆಳಿಗ್ಗೆ ಅದಕ್ಕೆ ನೀರು ಹಾಕಿ, ಬಟ್ಟೆ ಸುತ್ತಿ, ನಮ್ಮ ಪಡಸಾಲೆಗೆ ತಂದಿದ್ದಳು. ನಾನು ಕೂಸನ್ನು ಎತ್ತಿಕೊಂಡು ಸೀದಾ ಒಳಗೆ ಹೋದೆ. ಕನ್ನಡಿಯ ಮುಂದೆ ಪಂಪಾ ಕುಳಿತಿದ್ದಳು. ಅವಳನ್ನು ಸರಿಸಿ ಕೂಸಿನ ಮುಖವನ್ನು ಎದುರಿಗೆ ಹಿಡಿದೆ. ಹೊನ್ನೂರ್‌ಬಿ ಹಿಂದೆಯೇ ಓಡಿ ಬಂದಳು.

ಕನ್ನಡಿ ಸ್ವಲ್ಪ ಹೊತ್ತು ನೋಡಿತು.

“ಶುಭೋದಯ,” ಎಂದಿತು. “ಇವತ್ತು ಚರ್ಮ ತುಂಬಾ ದಣಿದ ಹಾಗಿದೆ. ಹೊಳಪು ಕಡಿಮೆಯಾಗಿದೆ. ಗಲ್ಲದ ಕೆಳಗೆ ಸಡಿಲು ಶುರುವಾಗಿದೆ. ಮರೆವುಲೇಪದಿಂದ ಆರಂಭಿಸೋಣವೇ?”

ಹೊನ್ನೂರ್‌ಬಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. “ಅಯ್ಯೋ ಇದರ ಬಾಯಿಗೆ ಮಣ್ಣು ಹಾಕ! ನನ್ನ ಕೂಸಿಗೆ ದಣಿವಂತೆ!” ಎಂದು ಮಗುವನ್ನು ಕಸಿದುಕೊಂಡು, ಅದರ ಮುಖಕ್ಕೆ ಸೆರಗು ಮುಚ್ಚಿ ಹೊರಟೇಹೋದಳು. ಕನ್ನಡಿಯ ನೋಟ ಮಗುವಿಗೆ ಅಂಟುತ್ತದೆಂದು ಹೆದರಿದವಳಂತೆ.

ಪಂಪಾ ನಗಲಿಲ್ಲ. ಎದ್ದು ಒಂದು ಬಕೆಟ್ ತಂದಳು. ಕಪಾಟಿನ ಬಾಟಲಿಗಳನ್ನೆಲ್ಲ ತೋಳಿನಿಂದ ಬಾಚಿ ಅದಕ್ಕೆ ಹಾಕಿದಳು. ನಾನು ಬಿಸಿಲುತಡೆಯ ಡಬ್ಬಿಯನ್ನು ಎತ್ತಿಕೊಂಡು, “ಇದೊಂದು ಇರಲಿ, ನೀನು ಮಾಳಿಗೆ ಹತ್ತಾಕಿ,” ಎಂದೆ.

“ಇದನ್ನ ಹಚ್ಚು ಅಂದದ್ದೂ ಅದೇ ಬಾಯಿ. ಉಳಿದದ್ದೆಲ್ಲಾ ಸುಳ್ಳು, ಇದೊಂದು ಖರೇ ಅಂತ ಹೆಂಗ ನಂಬ್ಲಿ? ನೀನ ಹೇಳವ್ವ.”

ಅವಳು ನನ್ನ ಕೈಯಿಂದ ಡಬ್ಬಿಯನ್ನು ಕಸಿದು ಬಕೆಟಿಗೆ ಎಸೆದಳು. ಸುಳ್ಳುಗಾರ ಮಾಡುವ ದೊಡ್ಡ ಕೇಡು ಇದೇ ಎಂದು ಈಗ ಅನ್ನಿಸುತ್ತದೆ. ಅವನು ಆಡಿದ ಒಂದು ನಿಜವೂ ಆಮೇಲೆ ಯಾರ ಕೆಲಸಕ್ಕೂ ಬಾರದೆ ಹೋಗುತ್ತದೆ.

ಮರುದಿನ ಅವಳು ಬರಿ ಮುಖದಲ್ಲಿ ಹೋದಳು. ನಾನು ತಲೆಗೆ ಕಟ್ಟಿದ ಬಟ್ಟೆಯನ್ನೂ ಹಟಕ್ಕೆ ಬಿಚ್ಚಿಟ್ಟಳಂತೆ. ಕೌಲ್ ಬಜಾರಿನಲ್ಲಿ ಗಾಳಿಗೆ ಹರಿದ ಪರದೆಯನ್ನು ಬಿಗಿಯುತ್ತ ನಡುಮಧ್ಯಾಹ್ನದವರೆಗೆ ಮಾಳಿಗೆಯ ಮೇಲಿದ್ದಳು. ಲೇಪಗಳು ತಿಂದು ತೆಳ್ಳಗಾಗಿದ್ದ ಚರ್ಮ ಅದು. ಜೊತೆಯವರು ಅವಳನ್ನು ಇಳಿಸಿಕೊಂಡು ಬಂದಾಗ ಕೆನ್ನೆಯ ತುಂಬ ನೀರುಗುಳ್ಳೆ, ಕಣ್ಣು ತೆರೆಯಲಾಗುತ್ತಿರಲಿಲ್ಲ. ನನ್ನ ಕೈ ಹಿಡಿದವಳು ಒಂದೇ ಮಾತು ಕೇಳಿದಳು: “ಕಣ್ಣು ಹೋಗ್ತಾವೇನವ್ವ?”

ಆಸ್ಪತ್ರೆಯಲ್ಲಿ ನೋಡಿದವರು ಡಾಕ್ಟರ್ ವಸುಂಧರಾ, ಮಾತು ಕಡಿಮೆಯ ಹೆಂಗಸು. ಕಣ್ಣಿಗೆ ಅಪಾಯವಿಲ್ಲ ಎಂದರು. ಆದರೂ ಅವರ ಕೋಣೆಯ ಗೋಡೆಯತ್ತ ಕಣ್ಣಾಡಿಸದೆ ಇರಲು ಆಗಲಿಲ್ಲ.

“ನಿಮಗೂ ಕನ್ನಡಿ ಕೊಟ್ಟಾರೇನ್ರಿ?” ಎಂದು ಕೇಳಿಯೇಬಿಟ್ಟೆ.

“ಕೊಟ್ಟಿದ್ರು. ವಾಪಸ್ ಕಳಿಸೀನಿ,” ಎಂದರು. “ನಿಮಗ ನಂಬಿಕಿ ಬರಲಿಲ್ಲ ಅಂದ್ರ ಸಂತೋಷ. ನನ್ನನ್ನೂ ನಂಬಬ್ಯಾಡ್ರಿ. ಮುಖ ತೊಳಿಯಾಕ ಒಂದು, ಒಣಗದಂಗ ಒಂದು, ಬಿಸಿಲಿಗೆ ಒಂದು. ಇಷ್ಟರ ಮ್ಯಾಲೆ ಯಾರು ಏನು ಕೊಟ್ರೂ ಯಾಕ ಅಂತ ಕೇಳ್ರಿ. ಈ ಮೂರನ್ನೂ ಮೊದಲು ಮೊಣಕೈ ಒಳಗ ಹಚ್ಚಿ ನೋಡ್ರಿ. ಒಂದು ಸಲಕ್ಕ ಒಂದೇ. ಎರಡು ಕೂಡಿ ಹಚ್ಚಿದ್ರ ಕಳ್ಳ ಯಾರು ಗೊತ್ತಾಗಂಗಿಲ್ಲ.”

ಗುಳ್ಳೆ ಆರಿದ ಮೇಲೆ ಹಾಗೆಯೇ ಮಾಡಿದೆವು. ನಾನು ಸಂತೆಯಿಂದ ಬೇರೆ ಬೇರೆ ಕೈಯವರು ಮಾಡಿದ ಲೇಪಗಳನ್ನು ತಂದೆ. ಪಂಪಾ ಪ್ರತಿಯೊಂದನ್ನೂ ಮೂಸಿದಳು, ನನ್ನ ಮುಖವನ್ನೂ ನೋಡಿದಳು. “ಮೊದಲು ನೀನು ಹಚ್ಚು,” ಎನ್ನುತ್ತಿದ್ದಳು. ಅರಸನ ಅನ್ನ ತಿಂದು ನೋಡುವ ಆಳಿನಂತೆ ನಾನು ತೋಳು ಚಾಚುತ್ತಿದ್ದೆ. ಮಗಳು ತಾಯಿಯನ್ನೂ ಅನುಮಾನಿಸುವುದು ಎದೆಗೆ ಚುಚ್ಚಿತು. ಆದರೆ ಅನುಮಾನಿಸುವುದನ್ನು ಕಲಿಸಿ, ನನ್ನೊಬ್ಬಳನ್ನು ಬಿಡು ಎನ್ನಲು ಬರುವುದಿಲ್ಲವಲ್ಲ. ಘಮಘಮ ಎಂದದ್ದೆಲ್ಲ ತುರಿಸಿತು. ‘ಎಲ್ಲ ಗಿಡಮೂಲಿಕೆ’ ಎಂದು ಬರೆದಿದ್ದ ಒಂದಕ್ಕಂತೂ ನನ್ನ ತೋಳೇ ಬಾತುಕೊಂಡಿತು. ಕೊನೆಗೆ ವಾಸನೆ ಇಲ್ಲದ, ಬಣ್ಣ ಇಲ್ಲದ, ಹೆಸರಲ್ಲೂ ಏನೂ ಜಾದೂ ಇಲ್ಲದ ಮೂರು ಉಳಿದವು. ಬಿಸಿಲುತಡೆಯನ್ನು ಅವಳು ಎಲ್ಲಕ್ಕಿಂತ ತಡವಾಗಿ ಒಪ್ಪಿದಳು. ಅರ್ಧ ಮೊಣಕೈಗೆ ಹಚ್ಚಿ, ಅರ್ಧ ಬಿಟ್ಟು, ಮಾಳಿಗೆಯ ಮೇಲೆ ಕೂತು ತಾನೇ ನೋಡಿಕೊಂಡ ಮೇಲೆ.

ಈಗ ಅವಳು ಮತ್ತೆ ಪರದೆ ಕಟ್ಟಲು ಹೋಗುತ್ತಾಳೆ. ಎಡಗೆನ್ನೆಯಲ್ಲಿ ಕಲೆ ಉಳಿದಿದೆ. ಕನ್ನಡಿಯನ್ನು ಗೋಡೆಯಿಂದ ಇಳಿಸಿ ಕಂಪನಿಯವರಿಗೆ ಒಯ್ಯಿರಿ ಎಂದೆವು. ಅವರು ಬಂದಿಲ್ಲ, ಬರುವಂತೆಯೂ ಕಾಣುವುದಿಲ್ಲ. ಓಣಿಯ ಉಳಿದ ಮನೆಗಳಲ್ಲಿ ಅದು ಇನ್ನೂ ಮಾತಾಡುತ್ತಿದೆ. ಹೊನ್ನೂರ್‌ಬಿಯ ಮನೆಯಲ್ಲಿ ಮಾತ್ರ ಇಲ್ಲ.

ಇಷ್ಟನ್ನು ಹೇಳಲು ನಾನು ಬರೆಯುತ್ತಿರಲಿಲ್ಲ. ಮೊನ್ನೆ ತಲೆ ಬಾಚಿಕೊಳ್ಳುತ್ತ ಪಂಪಾ ಕೇಳಿದಳು: “ಅವ್ವ, ಏನೂ ಆಗದ ಮಾರಿ ಅಂದ್ರ ಹೆಂಗಿರ್ತೈತೆ? ಈ ಸಣ್ಣ ಸಣ್ಣ ತೂತು ಎಲ್ಲಾರಿಗೂ ಇರ್ತಾವೇನು, ಇಲ್ಲಾ ನನಗಷ್ಟೇನು?”

ನಲವತ್ತೈದು ವರ್ಷ ಬದುಕಿದ್ದೇನೆ. ಲೇಪವನ್ನೇ ಕಾಣದೆ ಬೆಳೆದ ದೊಡ್ಡವರ ಒಂದು ಮುಖವನ್ನೂ ಹತ್ತಿರದಿಂದ ದಿಟ್ಟಿಸಿ ನೋಡಿದವಳಲ್ಲ. ಊರಿನ ಚಿತ್ರಭಂಡಾರಕ್ಕೆ ಇಬ್ಬರೂ ಹೋದೆವು. ನಿಮ್ಮ ಕಾಲದ ಫೋಟೊಗಳು ರಾಶಿ ರಾಶಿ ಇವೆ. ಮದುವೆಯವು, ಬೆಟ್ಟ ಹತ್ತಿದವು, ಬಾಣಂತಿಯರವು. ಎಪ್ಪತ್ತು ದಾಟಿದ ಅಜ್ಜಿಯ ಕೆನ್ನೆ ಬೇಯಿಸಿ ಸುಲಿದ ಮೊಟ್ಟೆಯಂತಿತ್ತು. ನಗುವವರ ಕಣ್ಣಂಚಿನಲ್ಲಿ ಒಂದು ಗೆರೆ ಇಲ್ಲ. “ಇವರ‍್ಯಾರೂ ಬೆವತೇ ಇಲ್ಲೇನು?” ಎಂದಳು ಪಂಪಾ. ನೀವು ಫೋಟೊ ತೆಗೆದ ಮೇಲೆ ಅದರೊಳಗಿನ ಗೆರೆ, ಕಲೆಗಳನ್ನು ಒರೆಸುತ್ತಿದ್ದಿರಿ, ಒರೆಸಿದ್ದನ್ನಷ್ಟೇ ಇಟ್ಟುಕೊಂಡಿರಿ ಎಂದು ಭಂಡಾರದವರು ವಿವರಿಸಿದರು. ಹೇಳುಗನ್ನಡಿಗೆ ಮುಖಗಳನ್ನು ಕಲಿಸಿದ್ದೂ ಆ ಫೋಟೊಗಳಿಂದಲೇ ಅಂತೆ. ಹಾಗಿದ್ದರೆ ಐದು ತಿಂಗಳ ಕೂಸು ಅದಕ್ಕೆ ದಣಿದಂತೆ ಕಂಡದ್ದರಲ್ಲಿ ಆಶ್ಚರ್ಯವೇನು? ಅದು ಕಂಡ ಅಜ್ಜಿಯರೇ ಕೂಸಿಗಿಂತ ನುಣುಪಾಗಿದ್ದರು.

ನಾನು ನಿಮ್ಮನ್ನು ದೂರುತ್ತಿಲ್ಲ. ನಿಮಗೂ ಯಾರೋ ಮೆತ್ತಗಿನ ದನಿಯವರು ಹೇಳಿಕೊಟ್ಟಿರಬೇಕು. ಒಂದು ಬೇಡಿಕೆ ಇದೆ. ಯಾವುದಾದರೂ ಒಂದು ಬೆಳಿಗ್ಗೆ, ತಣ್ಣೀರಿನಲ್ಲಿ ಮುಖ ತೊಳೆದು, ಏನೂ ಹಚ್ಚದೆ, ಕಿಟಕಿಯ ಬೆಳಕಿಗೆ ನಿಂತು ಹತ್ತಿರದಿಂದ ಒಂದು ಫೋಟೊ ತೆಗೆಸಿಕೊಳ್ಳಿ. ಅದನ್ನು ಒರೆಸಬೇಡಿ. ಮೊಡವೆ ಇದ್ದರೆ ಇರಲಿ, ಬಂಗು ಇದ್ದರೆ ಅದೂ ಇರಲಿ. ಕಾಗದದ ಮೇಲೆ ಅಚ್ಚು ಹಾಕಿಸಿ ಎಲ್ಲಾದರೂ ಇಟ್ಟು ಹೋಗಿ. ಹೆಸರು ಬೇಡ. ವಯಸ್ಸಷ್ಟೇ ಬರೆಯಿರಿ, ಸುಳ್ಳು ಹೇಳದೆ.

ಅದು ನನ್ನ ಕೈಗೆ ಸಿಕ್ಕರೆ ತಟ್ಟನೆ ನಂಬುತ್ತೇನೆಂದು ಮಾತು ಕೊಡಲಾರೆ. ಬೆಳಕಿಗೆ ಹಿಡಿಯುತ್ತೇನೆ, ಉಗುರಿನಿಂದ ಕೆರೆದು ನೋಡುತ್ತೇನೆ. ಆಮೇಲೆ ಪಂಪಾಳನ್ನು ಕರೆಯುತ್ತೇನೆ.

ನಿಮ್ಮ ಮುಂದಿನವಳು,
ಹುಲಿಗೆಮ್ಮ