ಓಡು ಎಂದು ಬರೆದವಳು

ಪ್ರೀತಿಯ ಚಿಸಾತೊ,

ಪತ್ರವೆಂದರೆ ಮೊದಲು ಋತುವಿನ ಮಾತು ಬರಬೇಕು. ಹೂವು ಅರಳಿತೇ, ಗಾಳಿ ಬೆಚ್ಚಗಾಯಿತೇ ಎಂದೆಲ್ಲ ಕೇಳಿ ಆಮೇಲೆ ವಿಷಯಕ್ಕೆ ಬರಬೇಕು. ಇವತ್ತು ಅದು ನನ್ನಿಂದಾಗದು. ನನಗೆ ಹೆದರಿಕೆಯಾಗಿದೆ. ಒಂದೇ ಊರಿನಲ್ಲಿ, ಸೇತುವೆಯ ಆಚೆ ಈಚೆ ಇರುವ ಅಕ್ಕತಂಗಿಯರ ನಡುವೆ ಪತ್ರವೇನು ಎಂದು ನಗುತ್ತೀಯ. ನಗು, ಪರವಾಗಿಲ್ಲ. ಎದುರಿಗೆ ಕೂತು ಹೇಳಿಬಿಡೋಣವೆಂದು ಬಂದಾಗಲೆಲ್ಲ ನೀನು ಚಹಾ ಮಾಡುತ್ತೀಯ, ನಿನ್ನ ಶಿಶುವಿಹಾರದ ಮಕ್ಕಳ ತಂಟೆ ತಕರಾರು ಹೇಳಿ ನಗಿಸುತ್ತೀಯ. ನಾನು ಕಿತ್ತಳೆ ಸುಲಿದು ತಿಂದು, ಬಾಯಿ ಒರೆಸಿಕೊಂಡು ವಾಪಸು ಬರುತ್ತೇನೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಒಮ್ಮೆ ನನ್ನ ಕಡೆಯಿಂದ ಕೇಳು. ನಾನೂ ನನ್ನ ಜೊತೆ ಕೆಲಸ ಮಾಡುವ ಒಕಾಬೆಯವರೂ ಹೊಟ್ಟೆ ಹೊರೆಯುವುದು ಅಕ್ಷರಗಳಿಂದ. ಯುಜು ನಿಂಬೆ ರಸದ ಬಾಟಲಿಯ ಲೇಬಲ್ಲು, ಒಣಮೀನಿನ ಪೊಟ್ಟಣ, ಮದುವೆಯ ಕರೆಯೋಲೆ, ಸಾಕೆ ಮದ್ಯದಂಗಡಿಯ ಬೋರ್ಡು. ಎರಡು ಅಕ್ಷರಗಳ ನಡುವಿನ ಜಾಗ ಕೂದಲೆಳೆಯಷ್ಟು ಹೆಚ್ಚಾಯಿತೆಂದು ನಾವಿಬ್ಬರೂ ಮಧ್ಯಾಹ್ನವಿಡೀ ಕಚ್ಚಾಡಿದ್ದನ್ನು ನೀನೇ ನೋಡಿದ್ದೀಯ. "ಅಕ್ಕ, ಇದನ್ನೆಲ್ಲ ಯಾರು ನೋಡ್ತಾರೆ?" ಎಂದಿದ್ದೆ. ಯಾರೂ ನೋಡುವುದಿಲ್ಲ ಮಾರಾಯ್ತಿ. ಬಾಟಲಿಯ ಲೇಬಲ್ಲು ಕೆಟ್ಟರೆ ಯಾರೂ ಸಾಯುವುದೂ ಇಲ್ಲ. ಆ ಒಂದು ನೆಮ್ಮದಿಯಲ್ಲಿ ಇಷ್ಟು ವರ್ಷ ಸ್ಟುಡಿಯೋ ನಡೆಸಿಕೊಂಡು ಬಂದೆ.

ಆಮೇಲೆ ಊರ ಕಚೇರಿಯಿಂದ ನಿಶಿಗಾಕಿಯವರು ಬಂದರು. ಸುನಾಮಿ ಬಂದರೆ ಜನ ಬೆಟ್ಟ ಹತ್ತಬೇಕಲ್ಲ, ಆ ದಾರಿಗಳಿಗೆಲ್ಲ ಹೊಸ ಫಲಕ ಬೇಕೆಂದರು. ದೊಡ್ಡ ಕೆಲಸ, ದೊಡ್ಡ ಮರ್ಯಾದೆ. "ಜನಕ್ಕೆ ಗಾಬರಿ ಆಗ್ಬಾರ್ದು ನೋಡಿ, ಅದೊಂದು ಗಮನದಲ್ಲಿರ್ಲಿ" ಎಂದು ಬಾಗಿಲಿನವರೆಗೂ ಹೇಳುತ್ತಲೇ ಹೋದರು. ಗಾಬರಿಯಾಗದ ಹಾಗೆಯೇ ಮಾಡಿದೆವು. ಮೂಲೆಗಳನ್ನು ದುಂಡಗೆ ತೀಡಿದ ಮೆತ್ತಗಿನ ಅಕ್ಷರ, ಎಳೆ ಹಸಿರು ಬಣ್ಣ. ದಯಮಾಡಿ ಆತುರಪಡದೆ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ ಎತ್ತರದ ಸ್ಥಳಕ್ಕೆ ತೆರಳಲು ತಮ್ಮ ಸಹಕಾರ ಕೋರುತ್ತೇವೆ ಎಂಬ ಒಕ್ಕಣೆ. ಅದರ ಪಕ್ಕದಲ್ಲಿ ನಮ್ಮೂರ ಹೆಮ್ಮೆಯ ಕತ್ಸುವೊ ಮೀನು ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿತ್ತು. ಎಲ್ಲರೂ ಮುದ್ದಾಗಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಶರತ್ಕಾಲದ ಅಣಕು ಕಸರತ್ತಿನ ದಿನ ಮೊದಲ ಫಲಕ ದೇವಾಲಯದ ಮೆಟ್ಟಿಲ ಬುಡದಲ್ಲಿ ನಿಂತಿತ್ತು. ಅದರ ಫೋಟೋ ಹಿಡಿಯಲು ಹೋಗಿದ್ದೆ. ಸೈರನ್ ಕೂಗಿತು, ಜನ ಬಂದರು. ಬಂದವರು ಫಲಕದ ಮುಂದೆ ನಿಂತರು. ನಿಂತು ಪೂರ್ತಿ ಓದಿದರು. ಓದಿ ಮೀನಿಗೆ ಪ್ರತಿನಮಸ್ಕಾರ ಮಾಡಿದ ಮುದುಕರೂ ಇದ್ದರು. ಆಮೇಲೆ ಶುರುವಾಯಿತು ನೋಡು, ತಾವು ಮೊದಲು, ಛೇ ಛೇ ತಾವು ಮೊದಲು. ಇಕ್ಕಟ್ಟಿನ ಮೆಟ್ಟಿಲು, ಯಾರೂ ಕಾಲಿಡುತ್ತಿಲ್ಲ. ಸಾಲಿನ ಕೊನೆಗೆ ನೀನು, ಮಕ್ಕಳನ್ನು ನಿಲ್ಲಿಸಿಕೊಂಡ ತಳ್ಳುಗಾಡಿ ಹಿಡಿದು ನಿಂತಿದ್ದೆ. ಮುಂದಿದ್ದವರು ಹಿಂದೆ ತಿರುಗಿ ದಾರಿ ಬಿಡಲು ನೋಡಿದರೆ ನೀನು ತಲೆಬಾಗಿ ಹೇಳಿದೆ, "ನಮಗೇನೂ ಅವಸರ ಇಲ್ಲ, ನೀವು ಹತ್ತಿ." ನಿನ್ನ ಬೆನ್ನ ಹಿಂದೆಯೇ ಸಮುದ್ರವಿತ್ತು, ತೆಪ್ಪಗೆ ಮಲಗಿತ್ತು. ನಾನು ಕ್ಯಾಮೆರಾ ಕೆಳಗಿಳಿಸಿದೆ. ಕಸರತ್ತು ಯಶಸ್ವಿಯಾಯಿತೆಂದು ಧ್ವನಿವರ್ಧಕದಲ್ಲಿ ಸಾರಿದರು, ಎಲ್ಲರಿಗೂ ಅನ್ನದ ಉಂಡೆ ಹಂಚಿದರು.

ದೊಡ್ಡ ಭೂಕಂಪ ಬಂದೇ ಬರುತ್ತದೆ ಎಂದು ಹುಟ್ಟಿದಾಗಿನಿಂದ ಕೇಳುತ್ತಿದ್ದೇವೆ. ಕೇಳಿ ಕೇಳಿ ಅದು ಮನೆಯ ಹಿರಿಯರ ಗೊಣಗಾಟದ ಹಾಗೆ ಆಗಿಹೋಗಿತ್ತು. ಅವತ್ತಿನಿಂದ ಹಾಗಿಲ್ಲ. ನೆಲ ಅಲುಗಿ ನಿಂತ ಮೇಲೆ ನಮ್ಮ ಬಂದರಿಗೆ ಅಲೆ ಬರಲು ಎಷ್ಟು ಹೊತ್ತು ಬೇಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಅಷ್ಟು ಹೊತ್ತಿನಲ್ಲಿ ಓದಿ ಮುಗಿಸಲಾಗದ ವಾಕ್ಯವನ್ನು ನಾನು ಚೆಂದದ ಅಕ್ಷರದಲ್ಲಿ ಬರೆದು, ನೀನು ಓಡಬೇಕಾದ ದಾರಿಯಲ್ಲಿ ನೆಟ್ಟಿದ್ದೆ.

ಎಲ್ಲ ಕಿತ್ತು ಹೊಸದಾಗಿ ಬರೆದೆ. ಆಳೆತ್ತರದ ದಪ್ಪ ಅಕ್ಷರ, ಹಳದಿಯ ಮೇಲೆ ಕಪ್ಪು, ಪಕ್ಕದಲ್ಲಿ ಬೆಟ್ಟದ ಕಡೆಗೆ ಒಂದು ಬಾಣ. ಓಡು, ಮೇಲಕ್ಕೆ. ಅಷ್ಟೇ. ಕಚೇರಿಯ ಸಭೆಯಲ್ಲಿ ನಿಶಿಗಾಕಿಯವರು ಬೆವರು ಒರೆಸಿಕೊಂಡರು. "ಹಿದೆಮಿಯವರೇ, ಇದು ಜನರನ್ನ ಗದರಿಸಿದ ಹಾಗಿದೆಯಲ್ಲ. ಹೋಗ್ಲಿ, ಆ ಮೀನನ್ನಾದ್ರೂ ಒಂದು ಮೂಲೇಲಿ ಉಳಿಸಿ." ಒಕಾಬೆಯವರು ತಲೆಯೆತ್ತದೆ ಹೇಳಿದರು, "ಅದಕ್ಕೆ ಈಜು ಬರುತ್ತೆ ಸ್ವಾಮಿ, ಅದನ್ನ ಬಿಟ್ಟುಬಿಡಿ." ತೋಫು ಅಂಗಡಿಯ ತೊಕುಎ ಅಜ್ಜಿ ಬೀದಿಯ ಹೆಂಗಸರ ಪರವಾಗಿ ಬಂದು ಕೂತಿದ್ದಳು. "ನಮ್ಮನೆಯವರು ಬದುಕಿದ್ದಷ್ಟು ದಿನ ನನ್ನ ಹತ್ರ ಹೀಗೇ ಮಾತಾಡಿದ್ದು. ಹಿಡಿಸ್ತಿರ್ಲಿಲ್ಲ ಬಿಡಿ, ಆದ್ರೆ ಒಂದು ಸಲ ಹೇಳಿದ್ರೆ ಕೇಳಿಸ್ತಿತ್ತು." ಅಜ್ಜಿಯ ಈ ಮಾತಿಗೆ ಎಲ್ಲರೂ ನಕ್ಕರು, ಫಲಕ ಒಪ್ಪಿಗೆಯಾಯಿತು. ಚಳಿಗಾಲದೊಳಗೆ ಊರಿಗೆಲ್ಲ ನನ್ನ ಗದರಿಕೆಯೇ.

ಇನ್ನು ಮೊನ್ನೆಯ ಮಾತು. ಊಟದ ಹೊತ್ತಿಗೆ ನೆಲ ಅಲುಗಿತಲ್ಲ, ನನ್ನ ಕಾಗದದ ಕಪಾಟು ಮಗುಚಿ ಮೇಜಿನ ಮೇಲೆ ಬಿತ್ತು. ನಾವಿಬ್ಬರೂ ಮೇಜಿನ ಕೆಳಗಿದ್ದೆವು. ಅಲುಗಾಟ ನಿಲ್ಲುವ ಮೊದಲೇ ಸೈರನ್. ಒಕಾಬೆಯವರು ಹಿಂಬಾಗಿಲು ತೆಗೆದು ಬೆಟ್ಟದ ದಾರಿ ಹಿಡಿದರು. ನಾನು ಮುಂಬಾಗಿಲಿನಿಂದ ಬೀದಿಗೆ ಬಿದ್ದೆ. "ಎಲ್ಲಿಗೆ? ಬೆಟ್ಟ ಈ ಕಡೆ ಇದೆ," ಎಂದು ಅವರು ಕೂಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಿನಗೆ ಫೋನ್ ಹತ್ತುತ್ತಿರಲಿಲ್ಲ. ನಿನ್ನ ಶಿಶುವಿಹಾರ ಬಂದರಿಗೆ ಅಂಟಿಕೊಂಡಿದೆ. ನನಗೆ ಬೇರೇನೂ ಹೊಳೆಯಲಿಲ್ಲ.

ಸೇತುವೆಯ ಕಂಬದ ಮೇಲೆ ನನ್ನ ಫಲಕವಿತ್ತು. ಓಡು, ಮೇಲಕ್ಕೆ. ಅದರ ಬಾಣ ನನ್ನ ಬೆನ್ನಿನ ಕಡೆ ತೋರಿಸುತ್ತಿತ್ತು. ಅದನ್ನು ಬರೆದವಳೇ ಅದರ ಕೆಳಗೆ ಹಾದು ಇಳಿದು ಹೋದೆ. ಸೇತುವೆಯ ನಟ್ಟನಡುವೆ, ಊರಿನಲ್ಲೇ ಎಲ್ಲಕ್ಕಿಂತ ತಗ್ಗಿನಲ್ಲಿ, ಎದುರಿನಿಂದ ನೀನು ಬರುತ್ತಿದ್ದೆ. ಏಪ್ರನ್ನಿನಲ್ಲೇ ಇದ್ದೆ, ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲ. "ನೀನ್ಯಾಕೆ ಇಲ್ಲಿ?" ಎಂದು ಇಬ್ಬರೂ ಒಟ್ಟಿಗೆ ಕೇಳಿದೆವು. "ಮಕ್ಕಳೆಲ್ಲ ಮೇಲಿದ್ದಾರೆ ಅಕ್ಕ, ಒಬ್ರನ್ನೂ ಬಿಟ್ಟಿಲ್ಲ. ನಿನ್ನ ಕಪಾಟು ನಿನ್ನ ಮೇಲೇ ಬಿದ್ದಿರುತ್ತೇನೋ ಅಂತ ಓಡಿ ಬಂದೆ." ನಮ್ಮ ಕಾಲ ಕೆಳಗೆ ಹೊಳೆಯ ನೀರು ಕಡಲಿನ ಕಡೆಗೆ ಸರಸರನೆ ಎಳೆದುಕೊಂಡು ಹೋಗುತ್ತಿತ್ತು, ಅಲೆ ಬರುವ ಮುಂಚೆ ಆಗುವ ಹಾಗೆ ತಳದ ಕೆಸರು ಕಾಣುತ್ತಿತ್ತು. ನೀನು ನೋಡಿದೆಯೋ ಇಲ್ಲವೋ. ನಾನು ನೋಡಿದೆ. ನಿನ್ನ ಕೈ ಹಿಡಿದು ಹೇಗೆ ಆ ದೇವಾಲಯದ ಮೆಟ್ಟಿಲು ಹತ್ತಿದೆನೋ ನೆನಪಿಲ್ಲ.

ಬಂದದ್ದು ಮೊಣಕಾಲುದ್ದದ ನೀರು. ದೋಣಿಗಳು ಒಂದಕ್ಕೊಂದು ಗುದ್ದಿಕೊಂಡವು, ಬಂದರಿನ ಧಕ್ಕೆಯೆಲ್ಲ ಕೆಸರಾಯಿತು, ಅಷ್ಟಕ್ಕೇ ಮುಗಿಯಿತು. ಮೇಲೆ ನಮ್ಮನ್ನು ನೋಡಿ ಜನ ಕಣ್ಣೊರೆಸಿಕೊಂಡರು. ಅಕ್ಕತಂಗಿ ಅಂದ್ರೆ ಹೀಗಿರಬೇಕು ಎಂದರು. ಅಮ್ಮ ಹೋದ ಮೇಲೆ ನಿನಗೆ ನಾನು, ನನಗೆ ನೀನು ಎಂದು ಅವರಿಗೆಲ್ಲ ಗೊತ್ತು. ನೀನು ನಾಚಿಕೊಂಡು ನಕ್ಕೆ. ನಾನೂ ನಕ್ಕೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ತೊಕುಎ ಅಜ್ಜಿ ನಿನಗೆ ಹೇಳಬೇಡವೆಂದು ಹೇಳಿಯೇ ನನಗೆ ಹೇಳಿದಳು. ನೀನು ಇಳಿದು ಬಂದೆಯಲ್ಲ, ನಿನ್ನ ಹಿಂದೆಯೇ ಶಿಶುವಿಹಾರದ ಆ ಪುಟ್ಟ ಕೊಹರು ಇಳಿದಿದ್ದಳಂತೆ. ಮೇಷ್ಟ್ರಮ್ಮ ಹೋಗುತ್ತಿದ್ದಾರೆ, ತಾನೂ ಹೋಗಬೇಕು ಎಂದುಕೊಂಡಿರಬೇಕು. ಉಳಿದ ಟೀಚರು ಬೇರೆ ಮಕ್ಕಳ ಅಳು ನಿಲ್ಲಿಸುತ್ತಿದ್ದರು, ನೋಡಿಲ್ಲ. ಅರ್ಧ ಮೆಟ್ಟಿಲು ಇಳಿದಿದ್ದವಳನ್ನು ಅಜ್ಜಿ ಹಿಂದಿನಿಂದ ಹೋಗಿ ಸೊಂಟಕ್ಕೆ ಕೈಹಾಕಿ ಎತ್ತಿಕೊಂಡಳಂತೆ. "ಆ ಹುಡುಗೀಗೆ ಹೇಳ್ಬೇಡ ಕಣಮ್ಮ, ಕೆಲಸ ಬಿಟ್ಟುಬಿಡ್ತಾಳೆ" ಎಂದಳು. ನೀನು ಕೆಲಸ ಬಿಡಬೇಡ. ಆದರೆ ಇದು ನಿನಗೆ ಗೊತ್ತಿರಬೇಕು.

ಅವತ್ತಿನಿಂದ ಸ್ಟುಡಿಯೋದ ಮುಂದೆ ಲಾರಿ ಹೋದರೂ ಮೇಜು ಹಿಡಿದುಕೊಳ್ಳುತ್ತೇನೆ. ಅಲೆಗಿಂತ ನನಗೆ ನಮ್ಮಿಬ್ಬರದೇ ಭಯ. ಇಡೀ ಊರಿಗೆ ಓಡು ಎಂದು ಕಲಿಸಿದೆ, ಆದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಇಳಿದುಬಿಡುತ್ತೇವೆ, ಮುಂದಿನ ಸಲವೂ ಇಳಿಯುತ್ತೇವೆ. ನಮ್ಮ ಪ್ರೀತಿಯ ಹಿಂದೆ ಪುಟ್ಟ ಮಗುವೊಂದು ಮೆಟ್ಟಿಲು ಇಳಿದು ಬರುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ ಚಿಸಾತೊ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಇಳಿಯಬೇಡ. ನನ್ನ ಕಪಾಟು ಬಿದ್ದಿದ್ದರೂ ಇಳಿಯಬೇಡ. ನಾನು ಕಾಣದಿದ್ದರೆ ಅಕ್ಕ ಆಚೆ ಬೆಟ್ಟದಲ್ಲಿದ್ದಾಳೆ, ಒಕಾಬೆಯವರ ಜೊತೆ ಅಕ್ಷರದ ಜಗಳ ಆಡುತ್ತಿದ್ದಾಳೆ ಎಂದುಕೋ. ನೀರು ಪೂರ್ತಿ ಇಳಿದು, ಇನ್ನು ಹೋಗಬಹುದು ಎಂದು ಸಾರುವವರೆಗೂ ಹಾಗೇ ಅಂದುಕೊಂಡಿರು. ಎರಡೂ ಕೈಯಲ್ಲಿ ಮಕ್ಕಳನ್ನು ಹಿಡಿದುಕೊಂಡಿರು, ನನಗಾಗಿ ಬೀಸಲು ಒಂದು ಕೈಯೂ ಖಾಲಿ ಇರಬಾರದು. ನಾನೂ ಹಾಗೇ ಮಾಡುತ್ತೇನೆ. ಸೈರನ್ ಕೂಗಿದರೆ ಹಿಂಬಾಗಿಲಿನಿಂದ ಹತ್ತುತ್ತೇನೆ. ನಿನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಈ ಪತ್ರದಲ್ಲಿ ನನ್ನ ಅಕ್ಷರ ಕೆಟ್ಟಿದೆ, ತಿದ್ದಲು ಹೋಗುವುದಿಲ್ಲ.

ನೀನೂ ನಿನ್ನ ಮಕ್ಕಳೂ ಎತ್ತರದಲ್ಲಿ ಬೆಚ್ಚಗೆ, ನೂರು ಕಾಲ ಬಾಳಿ.

ನಿನ್ನನ್ನು ಹುಡುಕಿಕೊಂಡು ಬಾರದ
ನಿನ್ನ ಅಕ್ಕ,
ಹಿದೆಮಿ