ಮುಯ್ಯಿಯ ಹತ್ತಿ

ಚಿತ್ತಾಪುರ
ದಿನಾಂಕ: ೧೮ ಜನವರಿ ೨೦೨೬

ಚಿರಂಜೀವಿ ಲುಂಬಿನಿಗೆ ನಿನ್ನ ತಂದೆಯ ಜೈಭೀಮ್ ಮತ್ತು ಆಶೀರ್ವಾದ.

ನನ್ನ ಸಹಿಗೆಂದು ನೀನು ಫೋನಿಗೆ ಕಳುಹಿಸಿದ ಹೇಳಿಕೆಯ ಕರಡನ್ನು ಸಂತೋಷಕುಮಾರನ ಅಂಗಡಿಯಲ್ಲಿ ಮುದ್ರಿಸಿಕೊಂಡು ತಂದು ಓದಿದೆ. ಅದರಲ್ಲಿ ಕಾಗುಣಿತದ ತಪ್ಪುಗಳು ಎರಡು. ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ವಾಕ್ಯಗಳೂ ಎರಡೇ, ಅವನ್ನು ತಿದ್ದುವುದು ನನ್ನಿಂದ ಆಗಲಿಲ್ಲ. ಹೊಲದಲ್ಲಿ ಹತ್ತಿ ಬಿಡಿಸಿದ ಹೆಂಗಸರಿಗೆಲ್ಲ ಅಂದಂದಿನ ಕೂಲಿಯನ್ನು ನಗದಾಗಿ ಕೊಟ್ಟಿದ್ದೇನೆ ಎಂಬುದು ಮೊದಲನೆಯದು. ತಪಾಸಣೆಯ ದಿನ ಅವರ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನಿಂದ ತಪ್ಪಾಯಿತು ಎಂಬುದು ಎರಡನೆಯದು. ಎರಡೂ ಸುಳ್ಳು. ಈ ಮಾತನ್ನು ಫೋನಿನಲ್ಲಿ ಆಡಿದರೆ ನೀನು ನಡುವೆ ಅಳುತ್ತೀ, ನಾನು ನಡುವೆ ಸಿಟ್ಟಾಗುತ್ತೇನೆ. ಅದಕ್ಕಾಗಿ ಈ ಕಾಗದ.

ನಿನ್ನ ಸಂಕಟ ನನಗೆ ತಿಳಿಯದೆ ಇಲ್ಲ. ಕೊಯಮತ್ತೂರಿನ ಆ ನೂಲಿನ ಗಿರಣಿಯಲ್ಲಿ ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಅಂಬಾರಾಯರ ಜಿನ್ನಿಂಗ್ ಮಿಲ್ಲಿನ ಹತ್ತಿ ನಂಬಬಹುದಾದ ಹತ್ತಿ ಎಂದು ಮೇಲಿನವರಿಗೆ ಬರೆದುಕೊಟ್ಟವಳು ನೀನು. ಈಗ ಆ ಮಿಲ್ಲಿನ ಹತ್ತಿ ಬೇಲುಗಳನ್ನು ನಿಮ್ಮ ಗಿರಣಿಯೇ ತಡೆಹಿಡಿದಿದೆ. ಅದಕ್ಕೆ ಕಾರಣವಾದದ್ದು ನಿನ್ನ ತಂದೆಯ ಹೊಲ. ಮೊನ್ನೆ ಅಂಬಾರಾಯರೂ ಮನೆಗೆ ಬಂದಿದ್ದರು. ಚಹಾ ಮುಟ್ಟಲಿಲ್ಲ. ಎದ್ದು ಹೋಗುವಾಗ, "ಮಾಸ್ತರ, ನಿಮ್ಮೊಂದು ಸಹಿಗಿ ಐದೂರಿನ ಹತ್ತಿ ನಿಂತದ. ಇಷ್ಟ ಹಟ ಯಾಕ್ರಿ?" ಎಂದರು. ಹಟವಲ್ಲ ಎಂದೆ. ಮತ್ತೇನು ಎಂದು ಅವರು ಕೇಳಲಿಲ್ಲ.

ತಪಾಸಣೆಯ ದಿನ ನಡೆದದ್ದನ್ನು ನೀನು ವರದಿಯಲ್ಲಿ ಮಾತ್ರ ಓದಿದ್ದೀ. ನಾನು ಕಂಡಂತೆ ಬರೆಯುತ್ತೇನೆ.

ನಿಮ್ಮ ಗಿರಣಿಯ ಕಡೆಯಿಂದ ತಪಾಸಣೆಗೆ ಬಂದಾಕೆ ಸಭ್ಯ ಹೆಣ್ಣುಮಗಳು. ತಮಿಳು ಬಲ್ಲಳು, ಇಂಗ್ಲಿಷು ಬಲ್ಲಳು, ಕನ್ನಡ ಬಾರದು. ಮಿಲ್ಲಿನ ಬೇಲುಗಳಿಂದ ಹಿಂದಕ್ಕೆ ಹುಡುಕುತ್ತ, ಯಾವ ಹತ್ತಿ ಯಾವ ರೈತನದೆಂದು ಗುರುತಿಸಿ, ಕೆಲವು ಹೊಲಗಳನ್ನು ಚೀಟಿ ಎತ್ತಿ ಆರಿಸಿಕೊಂಡಿದ್ದಳು. ಮಳಖೇಡದ ದಾರಿಯಲ್ಲಿರುವ ನಮ್ಮ ಹೊಲ ಅದರಲ್ಲಿ ಬಂತು. ಮಾತು ತಿಳಿಸಿಕೊಡಲು ಮಿಲ್ಲಿನವರು ಗೊತ್ತುಮಾಡಿದ್ದ ಮನುಷ್ಯ ಆ ದಿನ ಬರಲಿಲ್ಲ. ಹೊಲದ ಮಾಲೀಕನೇ ದುಭಾಷಿಯಾಗುವುದು ಸರಿಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಬೇರೆ ದಾರಿಯಿಲ್ಲ ಎಂದಳು. ನನ್ನ ಇಂಗ್ಲಿಷು ನಿನ್ನಷ್ಟು ಸರಾಗವಲ್ಲವಾದರೂ ವ್ಯಾಕರಣ ತಪ್ಪುವುದಿಲ್ಲವೆಂದು ನಿನಗೆ ಗೊತ್ತಿದೆ.

ಮೊದಲು ನಮ್ಮ ಓಣಿಯ ತುಳಜಾಬಾಯಿಯನ್ನು ಕರೆದಳು. ಉಡಿಯ ತುಂಬ ಹತ್ತಿ ಕಟ್ಟಿಕೊಂಡೇ ಆಕೆ ಬಂದು ನಿಂತಳು. ದಿನಕ್ಕೆ ನಿಮಗೆ ಏನು ಕೊಡುತ್ತಾರೆ ಎಂಬುದು ಪ್ರಶ್ನೆ. ಏನೂ ಕೊಡುವುದಿಲ್ಲ, ನಾನು ತೆಗೆದುಕೊಳ್ಳುವುದೂ ಇಲ್ಲ ಎಂಬುದು ಉತ್ತರ. ಹಾಗಾದರೆ ಯಾಕೆ ಬಂದಿರಿ? ಬರಲೇಬೇಕು, ಬರದಿದ್ದರೆ ಹೇಗೆ? ಬರದಿದ್ದರೆ ಏನಾಗುತ್ತದೆ? ತುಳಜಾಬಾಯಿ ಆ ಹುಡುಗಿಯ ಮುಖವನ್ನು ನೋಡಿ, ಬುದ್ಧಿ ಇಲ್ಲದವರಿಗೆ ಹೇಳುವಂತೆ ಮೆಲ್ಲಗೆ, "ಬರದಿದ್ರ ಓಣ್ಯಾಗ ಮಾರಿ ಹ್ಯಾಂಗ ತೋರಸ್ಲಿ?" ಎಂದಳು.

ನಾನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಹೇಳಿದೆ. ಕೂಲಿ ಇಲ್ಲ, ಬರಲೇಬೇಕು, ಬರದಿದ್ದರೆ ಓಣಿಯಲ್ಲಿ ತಲೆಯೆತ್ತಲಾಗದು. ಆ ಹುಡುಗಿಯ ಪೆನ್ನು ನಿಂತದ್ದು ನನಗೆ ಕಾಣಿಸಿತು. ಪಕ್ಕದ ಸಾಲಿನಲ್ಲಿ ಬಿಡಿಸುತ್ತಿದ್ದ ಮಾಸುಮಬಿಯನ್ನು ಕೇಳಿದಳು, ಅವಳದೂ ಅದೇ ಉತ್ತರ. ಆಗ ನಾನು ಮುಯ್ಯಿಯ ಪದ್ಧತಿಯನ್ನು ವಿವರಿಸಲು ಹೊರಟೆ: ಇವತ್ತು ಇವರು ನಮ್ಮ ಹೊಲಕ್ಕೆ ಬಂದರೆ ನಾಳೆ ನಮ್ಮ ಮನೆಯಿಂದ ಇವರ ಹೊಲಕ್ಕೆ ಅಷ್ಟೇ ದಿನ ಹೋಗುತ್ತೇವೆ, ನಮ್ಮಂಥ ಸಣ್ಣ ಹಿಡುವಳಿಯವರು ಕೂಲಿ ಕೊಟ್ಟು ಹತ್ತಿ ಬಿಡಿಸಲಾಗದ್ದರಿಂದ ಹೀಗೆ ದುಡಿತಕ್ಕೆ ದುಡಿತ ತೀರಿಸುತ್ತೇವೆ, ಇದು ಅಜ್ಜಂದಿರ ಕಾಲದಿಂದ ಇದೆ, ಎಂದೆಲ್ಲ. ಆಕೆ ಕೈ ಎತ್ತಿ ತಡೆದು, ಬಹಳ ವಿನಯದಿಂದ, ದುಭಾಷಿಯ ವಿವರಣೆಯನ್ನು ದಾಖಲಿಸುವ ಅಧಿಕಾರ ನನಗಿಲ್ಲ, ದುಡಿದವರ ಮಾತನ್ನು ಮಾತ್ರ ಬರೆಯಬೇಕು ಎಂದಳು. ನಿಯಮ ಸರಿಯಾದದ್ದೇ. ನಾನು ಪರೀಕ್ಷಾ ಕೊಠಡಿಯಲ್ಲಿ ಮೂವತ್ತು ವರ್ಷ ಪಾಲಿಸಿದ ನಿಯಮವೂ ಅದೇ. ಹೀಗೆ, ಒಬ್ಬರೂ ತಪ್ಪು ಮಾಡದೆ, ನಮ್ಮ ಹೊಲ ಬಲವಂತದ ದುಡಿಮೆಯ ಹೊಲ ಎಂದು ಬರೆಯಲ್ಪಟ್ಟಿತು.

ನಿನ್ನ ಕರಡಿಗೆ ಸಹಿ ಮಾಡುವ ಮುನ್ನ ಆ ಹೆಂಗಸರನ್ನೇ ಕೇಳಬೇಕೆಂದು ಶುಕ್ರವಾರ ಸಂಜೆ ತುಳಜಾಬಾಯಿಯ ಅಂಗಳಕ್ಕೆ ಹೋದೆ. ಮಾಸುಮಬಿಯೂ ಅಲ್ಲಿದ್ದಳು. "ಕುಂದ್ರು ತಮ್ಮಾ. ಆ ಹುಡುಗಿ ಕೇಳಿದ್ದು ನನಗ. ನಡುವ ನೀ ಯಾಕ ಅಷ್ಟುದ್ದ ಪಾಠ ಹೇಳಾಕತ್ತಿದ್ದಿ?" ಎಂದು ತುಳಜಾಬಾಯಿ ಮೊದಲಿಗೇ ನನ್ನ ಬಾಯಿ ಕಟ್ಟಿದಳು.

ಇಷ್ಟು ದೂರದ ಊರಿಗೆ ಯಾರೋ ಬಂದು ಇದನ್ನೆಲ್ಲ ಯಾಕೆ ಕೇಳಿದರು ಎಂಬುದನ್ನು ಅವರಿಗೆ ತಿಳಿಸಬೇಕಾಯಿತು. ಚೀನಾದ ಪಶ್ಚಿಮದಲ್ಲಿ ಷಿನ್‌ಜಿಯಾಂಗ್ ಎಂಬ ಸೀಮೆ ಇದೆ, ಅಲ್ಲಿ ಉಯಿಗರ್ ಎಂಬ ಜನ ಇದ್ದಾರೆ, ಮುಸಲ್ಮಾನರು, ನಮ್ಮ ಹಾಗೆ ಹತ್ತಿ ಬೆಳೆಯುವವರು ಎಂದೆ. ಅವರಲ್ಲಿ ಲಕ್ಷಾಂತರ ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಿದರೆಂದೂ ಸರ್ಕಾರವೇ ಜನರನ್ನು ಹೊಲಗಳಿಗೆ, ಕಾರ್ಖಾನೆಗಳಿಗೆ ಸಾಗಿಸುತ್ತದೆಂದೂ ವರದಿಗಳಿವೆ; ಚೀನಾ ಅದನ್ನು ಅಲ್ಲಗಳೆದು ತರಬೇತಿ, ಬಡತನ ನಿವಾರಣೆ ಎನ್ನುತ್ತದೆ ಎಂದೆ. ಅಮೆರಿಕ ಒಂದು ಕಾನೂನು ಮಾಡಿದೆ: ಆ ಸೀಮೆಯ ಹತ್ತಿಯ ಒಂದು ಎಳೆ ಸೇರಿದ್ದರೂ ಆ ಬಟ್ಟೆ ಬಲವಂತದ ದುಡಿಮೆಯದೆಂದೇ ಎಣಿಸಿ ಬಂದರಿನಲ್ಲಿ ತಡೆಯುತ್ತಾರೆ, ಅಲ್ಲವೆಂದು ಸಾಬೀತು ಮಾಡಬೇಕಾದವನು ತರಿಸಿಕೊಳ್ಳುವವನು. ಯುರೋಪಿನವರೂ ಎಲ್ಲ ದೇಶಗಳ ಬಲವಂತದ ದುಡಿಮೆಗೆ ಅನ್ವಯಿಸುವ ಕಾನೂನು ಮಾಡಿದ್ದಾರೆ, ಅದು ಮುಂದಿನ ವರ್ಷದ ಕೊನೆಗೆ ಜಾರಿಯಾಗುತ್ತದೆ. ಅದಕ್ಕಾಗಿ ಕೊಳ್ಳುವವರು ಈಗಲೇ ಹತ್ತಿಯ ಜಾಡು ಹಿಡಿದು ಗಿಡದವರೆಗೂ ಬರುತ್ತಿದ್ದಾರೆ. ನಮ್ಮ ಲುಂಬಿನಿಯ ಹುದ್ದೆ ಹುಟ್ಟಿದ್ದೂ ಅದರಿಂದಲೇ, ಎಂದೆ.

ಮಾಸುಮಬಿ ಕೇಳಿದ್ದು ಒಂದೇ: ಅಲ್ಲಿಯ ಹೆಂಗಸರಿಗೆ ರಂಜಾನಿನ ರೋಜಾ ಇರಲು ಬಿಡುತ್ತಾರೆಯೇ? ಓದಿದ ಮಟ್ಟಿಗೆ ಅದಕ್ಕೂ ಅಡ್ಡಿ ಇದೆ ಎಂದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ, ನಮ್ಮ ಸರ್ಕಾರ ಏನು ಮಾಡಿತು ಎಂದಳು.

ಪೌರನೀತಿ ಬೋಧಿಸಿದವನು ನಾನು, ಉತ್ತರ ಹೇಳಲೇಬೇಕಿತ್ತು. ೨೦೨೨ರ ಅಕ್ಟೋಬರಿನಲ್ಲಿ ಜಿನೀವಾದ ಮಾನವ ಹಕ್ಕುಗಳ ಸಭೆಯಲ್ಲಿ ಈ ವಿಷಯ ಬಂದಿತ್ತು. ಶಿಕ್ಷಿಸಿರಿ ಎಂದಲ್ಲ, ಚರ್ಚೆಯಾದರೂ ನಡೆಯಲಿ ಎಂದು. ಎರಡೇ ಮತಗಳ ಅಂತರದಲ್ಲಿ ಆ ಗೊತ್ತುವಳಿ ಬಿದ್ದುಹೋಯಿತು. ಕೈ ಎತ್ತದೆ ಕುಳಿತ ಹನ್ನೊಂದು ದೇಶಗಳಲ್ಲಿ ನಮ್ಮದೂ ಒಂದು. ಮರುದಿನ ದೆಹಲಿಯಲ್ಲಿ ವಿದೇಶಾಂಗ ಇಲಾಖೆಯವರು, ಅಲ್ಲಿಯ ಜನರ ಹಕ್ಕುಗಳನ್ನು ಗೌರವಿಸಬೇಕು ಎಂದರು. ಗಡಿಯ ಚಿಂತೆ, ವ್ಯಾಪಾರದ ಚಿಂತೆ, ನಾಳೆ ನಮ್ಮ ಮೇಲೆಯೇ ಇಂಥ ಗೊತ್ತುವಳಿ ಬಂದರೆ ಎಂಬ ಚಿಂತೆ, ಎಲ್ಲ ಇದ್ದಾವು. ಅವನ್ನೂ ಹೇಳಿದೆ. ಹೇಳುತ್ತಿದ್ದಂತೆ ನನಗೇ ದಣಿವಾಯಿತು. ಕೈ ಎತ್ತಿದವರ ಮನಸ್ಸಿನಲ್ಲಿಯೂ ವ್ಯಾಪಾರ ಇಲ್ಲದಿಲ್ಲ. ಈ ವಯಸ್ಸಿನಲ್ಲಿ ಯಾವ ಸರ್ಕಾರದ ಮೇಲೂ ಸಿಟ್ಟಾಗುವ ಶಕ್ತಿ ನನ್ನಲ್ಲಿ ಉಳಿದಿಲ್ಲ ಮಗಳೇ. ಪತ್ರಿಕೆ ಓದಿ ಮಡಿಸಿಡುತ್ತೇನೆ.

ತುಳಜಾಬಾಯಿ ಇದನ್ನೆಲ್ಲ ಕೇಳಿಸಿಕೊಂಡು, "ಆ ಹೆಣ್ಮಕ್ಕಳಿಗಿ ಒಲ್ಲೆ ಅನ್ನಾಕ ಬರ್ತದೇನು?" ಎಂದಳು. ಬರುವುದಿಲ್ಲ ಎಂದು ಕಾಣುತ್ತದೆ ಎಂದೆ.

"ಹಂಗಾದ್ರ ಅದು ಬಿಟ್ಟಿ," ಎಂದಳು. "ನಮ್ಮತ್ತಿ ಗೌಡರ ವಾಡೇದಾಗ ಬಿಟ್ಟಿ ಚಾಕ್ರಿ ಮಾಡ್ಯಾಳ. ಹಡದ ಮೂರು ದಿನಕ್ಕ ಕರ್ಯಾಕ ಬಂದ್ರು, ಕೂಸಿಗಿ ಬಿಟ್ಟು ಹೋದ್ಳು. ಒಲ್ಲೆ ಅನ್ನಾಕ ಆಕಿಗಿ ಬಾಯಿ ಇರಲಿಲ್ಲ. ಇದು ಹಂಗಲ್ಲ. ಮೊನ್ನಿ ಮಮ್ಮಗಳಿಗಿ ಜ್ವರ ಬಂದಾಗ ನಾ ಬರಾಂಗಿಲ್ಲಂತ ಮಾಸುಮಗ ಹೇಳಿ ಕಳಸೀನಿ. ಆಕಿ ಏನರ ಅಂದಳೇನು?"

ಏನೂ ಅನ್ನಲಿಲ್ಲ, ಸಿಟ್ಟಿಗೆ ಬೈದೆ ಅಷ್ಟೆ, ಎಂದು ಮಾಸುಮಬಿ ನಕ್ಕಳು.

ನಿನ್ನ ಕರಡನ್ನು ಓದಿ ಹೇಳಿದೆ. ಕೂಲಿ ಕೊಟ್ಟೆನೆಂದು ಬರೆದರೆ ಮಿಲ್ಲಿನ ಹತ್ತಿ ಬಿಡುಗಡೆಯಾಗುತ್ತದೆ, ನಿನ್ನ ಕೆಲಸವೂ ಉಳಿಯುತ್ತದೆ, ಒಂದು ಮಾತಿನ ಸುಳ್ಳು ಎಂದೂ ಹೇಳಿದೆ. ನಿನ್ನ ಪರವಾಗಿ ನಾನು ವಾದಿಸಲಿಲ್ಲ ಎಂದುಕೊಳ್ಳಬೇಡ. ತುಳಜಾಬಾಯಿಗೆ ನಿನ್ನ ಮೇಲೆ ಇರುವ ಅಕ್ಕರೆ ನಿನಗೆ ಗೊತ್ತು. ಆದರೂ ಅವಳ ಮುಖ ಬಿಗಿಯಿತು.

"ನಾ ನಿನ್ನ ಕೂಲಿಯಾಳೇನು ಚಂದ್ರಾಮ? ರೊಕ್ಕ ತಗೊಂಡೀನಂತ ನೀ ಬರದಿ ಅಂದ್ರ ಮುಯ್ಯಿ ಹರೀತು. ನನ್ನ ಹೊಲದಾಗ ಹತ್ತಿ ಬಿಚ್ಚಿ ನಿಂತದ. ನಾಳಿ ಯಾರು ಬರ್ತಾರ? ಆ ಕಂಪನಿಯಾವರು ಬರ್ತಾರೇನು?"

ಅವಳ ಲೆಕ್ಕ ಸರಿ. ಎಲ್ಲರೂ ಕೂಲಿಯವರೆಂದು ಕಾಗದದ ಮೇಲೆ ಬಿದ್ದರೆ, ಮುಂದಿನ ತಪಾಸಣೆಗೆ ಅದನ್ನು ನಿಜ ಮಾಡಲೇಬೇಕು. ಕೂಲಿ ಕೊಡುವ ಸಾಮರ್ಥ್ಯ ಇವರಲ್ಲಿ ಯಾರಿಗೂ ಇಲ್ಲ. ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದದ್ದು ದುಡಿತವೊಂದೇ; ಅದನ್ನು ನಾವು ಒಂದು ಸಹಿಯಿಂದ ಕಸಿದುಕೊಂಡಂತಾಗುತ್ತದೆ.

ಆ ಕಾನೂನನ್ನು ನಾನು ದೂರುವುದಿಲ್ಲ, ಇದನ್ನು ನಿನ್ನ ಮೇಲಿನವರಿಗೂ ತಿಳಿಸು. ನೀನು ಒಲ್ಲೆ ಎನ್ನಬಲ್ಲೆಯಾ ಎಂದು ತುಳಜಾಬಾಯಿಯ ಅತ್ತೆಯನ್ನು ಕೇಳಲು ಆ ಕಾಲದಲ್ಲಿ ಯಾವ ದೇಶದ ಯಾವ ಅಧಿಕಾರಿಯೂ ಬರಲಿಲ್ಲ. ಷಿನ್‌ಜಿಯಾಂಗಿನ ಹೆಂಗಸನ್ನು ಹೋಗಿ ಕೇಳಲು ಬಿಡುವುದಿಲ್ಲವಾದ್ದರಿಂದ ಇವರು ಹತ್ತಿಯನ್ನು ಕೇಳುತ್ತಿದ್ದಾರೆ. ಹತ್ತಿಗೆ ಬಾಯಿಲ್ಲ. ನಮ್ಮ ಹೆಂಗಸರಿಗೆ ಇದೆ. ಅವರನ್ನು ಕೇಳುವ ಬಗೆ ತಿಳಿದಿರಬೇಕು, ಅಷ್ಟೇ. ನಾವು ಇಲ್ಲಿ ಒಂದು ಸುಳ್ಳು ಬರೆದು ಪಾರಾದರೆ, ಅಲ್ಲಿ ಬರೆಯುವ ಸುಳ್ಳೂ ಅದೇ ಖಾನೆಯಲ್ಲಿ ಸಲ್ಲುತ್ತದೆ. ನಿನ್ನ ಹುದ್ದೆ ಇರುವುದು ಅದನ್ನು ತಡೆಯುವುದಕ್ಕೆ.

ಆದ್ದರಿಂದ ನನ್ನದೇ ಹೇಳಿಕೆಯೊಂದನ್ನು ಬರೆದು ಇದರೊಂದಿಗೆ ಇಟ್ಟಿದ್ದೇನೆ. ಯಾರಿಗೂ ಕೂಲಿ ಕೊಟ್ಟಿಲ್ಲ. ನನ್ನ ಭಾಷಾಂತರದಲ್ಲಿ ತಪ್ಪಿರಲಿಲ್ಲ. ಮುಯ್ಯಿ ಎಂದರೆ, ಬಂದವರ ಹೊಲಕ್ಕೆ ನಮ್ಮ ಮನೆಯಿಂದ ಅಷ್ಟೇ ದಿನ ಹೋಗುವುದು. ಎಲ್ಲರೂ ಸ್ವಂತ ಇಚ್ಛೆಯಿಂದ ಬಂದವರು. ತುಳಜಾಬಾಯಿ ಹೆಬ್ಬೆಟ್ಟು ಒತ್ತಿದ್ದಾಳೆ, ಮಾಸುಮಬಿ ಉರ್ದುವಿನಲ್ಲಿ ಸಹಿ ಮಾಡಿದ್ದಾಳೆ. ತಪಾಸಣೆಯವರು ಮತ್ತೊಮ್ಮೆ ಬರಲಿ, ಹೊಲದ ಮಾಲೀಕನಲ್ಲದ ದುಭಾಷಿಯನ್ನು, ಸಾಧ್ಯವಾದರೆ ಹೆಣ್ಣುಮಗಳೊಬ್ಬಳನ್ನು, ಕರೆತರಲಿ, ಬರದಿದ್ದರೆ ಏನಾಗುತ್ತದೆ ಎಂದು ಕೇಳುವ ಬದಲು ಯಾವಾಗಲಾದರೂ ಬರುವುದಿಲ್ಲ ಎಂದಿದ್ದೀರಾ ಎಂದು ಕೇಳಲಿ ಎಂದು ಕೋರಿದ್ದೇನೆ. ಇದರಿಂದ ಬೇಲುಗಳು ಇನ್ನಷ್ಟು ದಿನ ನಿಲ್ಲುತ್ತವೆ. ನಿನ್ನ ಕೆಲಸ ಹೋದರೂ ಹೋದೀತು. ಹೋದರೆ ಅದಕ್ಕೆ ನಾನು ಕಾರಣನೆಂದು ನಿಸ್ಸಂಕೋಚವಾಗಿ ಹೇಳಿಕೊ. ಆದರೆ ಮೇಲಿನವರ ಮುಂದೆ ಇದನ್ನು ನೀನೇ ಇಡಬೇಕು. ಅಂಚೆಯಲ್ಲಿ ಬಂತೆಂದು ಪಕ್ಕದ ಮೇಜಿಗೆ ತಳ್ಳಬಾರದು.

ಇಲ್ಲಿ ಚಳಿ ಇಳಿದಿದೆ. ಸಿಮೆಂಟ್ ಕಾರ್ಖಾನೆಯ ಧೂಳಿನಿಂದ ನಿನ್ನ ಅವ್ವನ ಕೆಮ್ಮು ಹಾಗೆಯೇ ಇದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು, ನಿನ್ನ ಹಿತವನ್ನೇ ಬಯಸಿಯೂ ನಿನಗೆ ಕಷ್ಟ ಕೊಡುತ್ತಿರುವ
ನಿನ್ನ ತಂದೆ
ಚಂದ್ರಾಮ
(ನಿವೃತ್ತ ಸಹಶಿಕ್ಷಕ, ವಾಡಿ ಶಾಲೆ)

ತಾ.ಕ.: ಲಕೋಟೆ ಅಂಟಿಸುವ ಮುನ್ನ ಈ ಕಾಗದವನ್ನೂ ಹೇಳಿಕೆಯನ್ನೂ ನಿನ್ನ ಅವ್ವನಿಗೆ ಓದಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಲೇ ಕೊನೆಯವರೆಗೂ ಕೇಳಿದಳು. ಆಮೇಲೆ, "ನಮ್ಮ ಹೊಲದ ಮುಯ್ಯಿ ತೀರ್ಸಾಕ ಯಾರು ಹೋಗ್ತಾರ, ಅದು ಬರದಿಲ್ಲಲ್ರಿ," ಎಂದಳು. ನಮ್ಮ ಮನೆಯಿಂದ ಎಂದು ಬರೆದಿದ್ದೇನಲ್ಲ ಎಂದೆ. "ಮನಿಗಿ ಕೈ ಇರ್ತಾವೇನ್ರಿ?" ಎಂದಳು.

ತುಳಜಾಬಾಯಿಯ ಹೊಲಕ್ಕೆ, ಮಾಸುಮಬಿಯ ಹೊಲಕ್ಕೆ, ಪ್ರತಿ ಸುಗ್ಗಿಯಲ್ಲೂ ಹೋಗುವವಳು ಅವಳೊಬ್ಬಳೇ. ತಪಾಸಣೆಯ ದಿನವೂ ಅವಳು ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದಳು. ಆ ಹುಡುಗಿ ಇವರು ಯಾರು ಎಂದಾಗ, ಮನೆಯವರು, ಅವರನ್ನು ಕೇಳುವ ಅಗತ್ಯವಿಲ್ಲ ಎಂದು ನಾನೇ ಹೇಳಿದ್ದೆ. ಯಾವಾಗಲಾದರೂ ಒಲ್ಲೆ ಎಂದಿದ್ದೀಯಾ ಎಂದು ಈಗ ಕೇಳಿದೆ. ಅವಳು ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಹೇಳಿಕೆಯಲ್ಲಿ 'ಎಲ್ಲರೂ ಸ್ವಂತ ಇಚ್ಛೆಯಿಂದ' ಎಂಬಲ್ಲಿ 'ಎಲ್ಲರೂ' ಎಂಬುದನ್ನು ಹೊಡೆದು, ತುಳಜಾಬಾಯಿ, ಮಾಸುಮಬಿ ಇಬ್ಬರ ಹೆಸರನ್ನು ಮಾತ್ರ ಬರೆದಿದ್ದೇನೆ. ಕೆಳಗೆ ನಿನ್ನ ಅವ್ವನ ಹೆಸರನ್ನು ಅನಸುಬಾಯಿ ಗಂಡ ಚಂದ್ರಾಮ ಎಂದು ಬರೆದು ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಹೊಸ ದುಭಾಷಿ ಬಂದಾಗ ಅವಳನ್ನೂ ಕೇಳಲಿ. ಆ ದಿನ ನಾನು ಹೊಲದಲ್ಲಿ ಇರುವುದಿಲ್ಲ.