ಸೇದದವಳಿಗೆ ಸ್ಕ್ಯಾನ್ ಇಲ್ಲ

ಶ್ವಾಸಕೋಶ ತಪಾಸಣಾ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿಯ ಮಗಳು ಚೈತಾಲಿ ಬೀಡಿ ಸೇದುವುದಿಲ್ಲ. ಈ ಒಂದು ದುರಭ್ಯಾಸದ ಕೊರತೆಯಿಂದಾಗಿ ಅವಳು ಉಚಿತ ಸ್ಕ್ಯಾನಿಗೆ ಅನರ್ಹಳೆಂದು ಉಡುಪಿಯ ನಿಮ್ಮ ಕಚೇರಿ ಮತ್ತೊಮ್ಮೆ ತಿಳಿಸಿದೆ. ನಾನಾದರೋ ಕಾಲೇಜು ದಿನಗಳಿಂದ ಸೇದಿದವನು, ಆದ್ದರಿಂದ ಸಕಲ ಗೌರವಗಳಿಗೂ ಅರ್ಹ. ಪ್ರತಿ ವರ್ಷ ನೀವೇ ಫೋನು ಮಾಡಿ ಕರೆಯುತ್ತೀರಿ, ಯಂತ್ರದಲ್ಲಿ ಮಲಗಿಸುತ್ತೀರಿ, ಏನೂ ಇಲ್ಲವೆಂದು ಕಳುಹಿಸುತ್ತೀರಿ.

ಇದ್ದದ್ದು ನನ್ನ ತಂಗಿ ಮನೋರಮಾಳಿಗೆ. ಬಜಗೋಳಿಯ ಅವಳ ಮನೆಗೆ ಬೀಡಿ ಹಚ್ಚಿಕೊಂಡು ಹೋದರೆ, "ಅದನ್ನು ಅಂಗಳದಲ್ಲೇ ಮುಗಿಸಿ ಬಾ ಮಾರಾಯ" ಎನ್ನುತ್ತಿದ್ದಳು. ಅವಳಿಗೆ ಕೆಮ್ಮು ಶುರುವಾದಾಗ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಸೇದದ ಹೆಂಗಸಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಯಾರಿಗೆ ಹೊಳೆಯಬೇಕು? ಹೊಳೆಯುವಷ್ಟರಲ್ಲಿ ಕಾಲ ಮೀರಿತ್ತು. ನಮ್ಮ ಅಮ್ಮನ ತಂಗಿ, ಚಿಕ್ಕಮ್ಮನೂ ಹೀಗೆಯೇ ಹೋದವರು, ಅವರೂ ಸೇದಿದವರಲ್ಲ.

ಮಣಿಪಾಲದ ವೈದ್ಯೆಯೊಬ್ಬರು ಸಮಾಧಾನದಿಂದ ವಿವರಿಸಿದರು: "ಏಷ್ಯಾದ ಕೆಲವು ಜನರಲ್ಲಿ ಸೇದದ ಹೆಂಗಸರಿಗೂ ಇದು ಬರುವುದು ಹೆಚ್ಚು. ಗಡ್ಡೆಯ ಜೀನ್ ಹೇಗೆ ಕೆಡುತ್ತದೆ ಎಂಬುದರಲ್ಲಿ ಹಿರಿಯರಿಂದ ಬಂದದ್ದರ ಪಾಲೂ ಇರಬಹುದು. ನಮ್ಮವರ ಮೇಲೆ ಆದ ಅಧ್ಯಯನ ಸಾಲದು." ಇದನ್ನು ನಿಮ್ಮ ಸಿಬ್ಬಂದಿಗೆ ಹೇಳಿದೆ. "ಇರಬಹುದು ಎಂಬುದಕ್ಕೆ ನಿಯಮದಲ್ಲಿ ಜಾಗ ಇಲ್ಲ, ಅಲ್ವಾ?" ಎಂದರು. ಅಧ್ಯಯನವಿಲ್ಲದೆ ಸ್ಕ್ಯಾನ್ ಇಲ್ಲ ಸರಿ, ಸ್ಕ್ಯಾನ್ ಇಲ್ಲದೆ ಅಧ್ಯಯನ ಎಲ್ಲಿಂದ ಬರಬೇಕು?

ನಮ್ಮಲ್ಲಿ ಮದುವೆಯ ಮಾತೆತ್ತಿದವರು ಮೊದಲು ಕೇಳುವುದು ಬಳಿ ಯಾವುದೆಂದು. ತಾಯಿಯಿಂದ ಮಕ್ಕಳಿಗೆ ಬರುವ ಕುಲ ಅದು. ಬಳಿಯೂ ಜೀನೂ ಒಂದೇ ಅಲ್ಲ, ತಂದೆಯ ಪಾಲೂ ಇರುತ್ತದೆ ಎಂಬಷ್ಟು ನನಗೂ ಗೊತ್ತು. ಆದರೂ ಸಂಬಂಧ ನೋಡುವ ಅಜ್ಜಿಯರು ಕೇಳುವಷ್ಟನ್ನಾದರೂ ನಿಮ್ಮ ಕಚೇರಿ ಕೇಳಬಾರದೆ? ಚೈತಾಲಿಗೂ ಈಗ ಸಂಬಂಧ ಬಂದಿದೆ. ಮೊನ್ನೆ ಪರ್ಕಳದ ತನ್ನ ಬಾಡಿಗೆ ಕೋಣೆಯಲ್ಲಿ ಕುಳಿತು, "ಮಾಮ, ಒಮ್ಮೆ ನೋಡಿಸಿಬಿಡುವ. ಇಲ್ಲದಿದ್ದರೆ ಅವರಿಗೆ ಎಂತ ಹೇಳುವುದು?" ಎಂದಳು. ನನಗೆ ಭಯವಾಯಿತು. ಅವಳು ಕೂತ ಭಂಗಿ ಕೂಡ ಅವಳಮ್ಮನದೇ.

ನನಗೆ ಜಗಳವಾಡಿ ಸಾಕಾಗಿದೆ. ಕುಟುಂಬದಲ್ಲಿ ಯಾರಿಗೆ ಬಂದಿತ್ತು ಎಂಬ ಪ್ರಶ್ನೆಯನ್ನು ನಿಯಮಕ್ಕೆ ಸೇರಿಸಿ. ಅದಕ್ಕೆ ಸಮಿತಿ ಕೂರಬೇಕು, ಕೂರಲಿ. ಅಲ್ಲಿಯವರೆಗೆ, ಮುಂದಿನ ತಿಂಗಳ ನನ್ನ ಸರದಿಯನ್ನು ಅವಳಿಗೆ ಕೊಡಿ. ಅದೂ ಆಗದಿದ್ದರೆ, ಎಷ್ಟು ಬೀಡಿ ಸೇದಿದರೆ ಅವಳು ಅರ್ಹಳಾಗುತ್ತಾಳೆಂದು ಲಿಖಿತವಾಗಿ ತಿಳಿಸಿ. ಕಲಿಸಲು ಸೋದರಮಾವ ಇದ್ದೇನೆ.

ಇಂತಿ,
ಏನೂ ಇಲ್ಲದ ನಿಮ್ಮ ಅರ್ಹ ಫಲಾನುಭವಿ,
ಕಾಪುವಿನ ಶೇಖರ